ಕೈ ನಂದು, ಕಟಗಿ ನಂದು, ಚಾನಲ್ ಮಾತ್ರ ಷಡ್ಡಕಂದು

ಕಟಗಿ ಕೆಲಸ ಮಾಡೂ ಮಂದಿಗೆ ಬೆರಳಾಗ ಸಿಬರ ಚುಚ್ಚೂದು ಹೆಂಗ ತಪ್ಪೂದಿಲ್ಲೋ, ಷಡ್ಡಕ ಇದ್ದ ಮಂದಿಗೆ ಹೊಟ್ಟಿಕಿಚ್ಚು ಹಂಗ ತಪ್ಪೂದಿಲ್ಲ. ನಂಗ ಎರಡೂ ಅದಾವ. ಸಿಬರ ಆದ್ರ ಸೂಜಿಲೇ ತಗೀಬಹುದು.

ನಾನು ಗೋಕಾಕದಾಗ ಒಂದು ಕಚೇರಿಯೊಳಗ ಗುಮಾಸ್ತ. ಸಂಜೀಕ ಮನಿಗೆ ಬಂದ್ನೆಪ್ಪಾ ಅಂದ್ರ ಹಿತ್ತಲದ ತಗಡಿನ ಶೆಡ್ಡಿನ್ಯಾಗ ಕಟಗಿ ನುಣುಪು ಮಾಡೂ ರಂದಾ ಹೊಡಕೋಂತ ಕುಂಡ್ರಾಂವ. ಹದಿನೈದು ವರ್ಷಾತು. ಕುಂಡ್ರೂ ಮಣಿ, ಸ್ಟೂಲು, ಊಟದ ತಾಟು ಇಡೂ ಅಡ್ಡಣಗಿ, ದೇವರ ಮಂಟಪ, ನಾ ಮಾಡಿದ ಒಂದರೆ ಸಾಮಾನು ಇಲ್ಲದ ಮನಿ ನಮ್ಮ ಓಣಿಯೊಳಗಿಲ್ಲ. ಷಡ್ಡಕ, ಅಂದ್ರ ನನ್ನ ಹೆಂಡ್ತಿ ತಂಗಿ ಗಂಡ, ಹುಕ್ಕೇರಿಯೊಳಗ ಸಾಲಿ ಮಾಸ್ತರ. ಇಬ್ಬರಿಗೂ ಮಾವನ ಮನಿ ಮೂಡಲಗಿ.

ಅಂವ ಕಟಗಿ ಕೆಲಸ ಕಲ್ತದ್ದು ನನ್ನ ಕಡೆ. ಈಗ ಅವಂದು ಮೊಬೈಲದಾಗ ಒಂದು ಚಾನಲ್ ಐತಿ, ಸಾವಿರಗಟ್ಟಲೆ ಮಂದಿ ನೋಡ್ತಾರ. ನೋಡಲಿ, ನಂಗೇನು ಬ್ಯಾನಿ ಇಲ್ಲ. ಸುಳ್ಳ ಯಾಕ ಹೇಳ್ಲಿ, ಬಾಳ ಬ್ಯಾನಿ ಐತಿ. ಆದ್ರ ನಂಗ ಬೇಕಾದದ್ದು ಒಂದ ಮಾತು. ಯಾವುದರೆ ಒಂದು ವಿಡಿಯೋದಾಗ, "ಇದನ್ನ ನಂಗ ಗೋಕಾಕದ ನಮ್ಮ ಅಣ್ಣಾರು ಕಲಿಸ್ಯಾರ" ಅಂತ ನನ್ನ ಹೆಸರು ಹಿಡದು ಹೇಳಬೇಕು. ಒಂದ ಸಲ. ವರ್ಷ ಆದ್ರೂ ಆ ಮಾತು ಅವನ ಬಾಯಾಗ ಬರಲಿಲ್ಲ.

೧. ಕೈ ಯಾರವು?

ಕಳದ ವರ್ಷ ಸಾಲಿ ಸೂಟಿಯೊಳಗ ಷಡ್ಡಕ ನಾಕ ದಿನಾ ನಮ್ಮ ಮನ್ಯಾಗಿದ್ದ. "ಅಣ್ಣಾರ, ನಂಗೂ ಒಂದ ಸ್ಟೂಲ ಮಾಡೂದು ಕಲಸ್ರಿ" ಅಂದ. ಕಲಿಸಿದೆ. ಮೊಳಿ ಇಲ್ಲದ ಜೋಡನ್ನೂ ಕಲಿಸಿದೆ. ಒಂದು ಕಟಗೀಗೆ ತೂತು ಕೊರೀಬೇಕು, ಇನ್ನೊಂದರ ತುದಿಗೆ ನಾಲಗಿ ತಗೀಬೇಕು, ಆ ನಾಲಗೀನ ತೂತಿನ್ಯಾಗ ಬಡದು ಕುಂಡ್ರಿಸಬೇಕು. "ಹಿಂಗ ಕೂಡಸಿದ್ರ ಜೀವಮಾನ ಬಿಚ್ಚೂದಿಲ್ರಿ ಮಾಸ್ತರ" ಅಂದೆ. ಮ್ಯಾಲೆ ನನ್ನದೊಂದು ಮಾತು ಐತಿ, ಅದನ್ನೂ ಹೇಳಿದೆ: "ಕಟಗೀನ ಕೇಳಿ ಕೊಯ್ಯಬೇಕು, ಗರಗಸಾನ ಕೇಳಿ ಅಲ್ಲ."

ಅಂವ "ನೆನಪಿಗಿರಲಿ" ಅಂತ ಎಲ್ಲಾ ಮೊಬೈಲದಾಗ ತಕ್ಕೊಂಡ. ತಗಿಯೂಕಿಂತ ಮೊದಲ "ಕೈ ಒಂದೀಟು ತೊಳಕೊಂಡು ಬರ್ರಿ ಅಣ್ಣಾರ" ಅಂದ. ನಾನೂ ಸಾಬೂನು ಹಚ್ಚಿ ತಿಕ್ಕಿ ತೊಳಕೊಂಡು ಬಂದೆ.

ಮುಂದಿನ ವಾರ ವಿಡಿಯೋ ಬಂತು. ಮೊದಲ ಅವನ ಮಾರಿ, "ನಮಸ್ಕಾರ ಸ್ನೇಹಿತರೇ" ಅಂತ. ನಡಕ ಹತ್ತ ನಿಮಿಷ ಬರೇ ಕೈ: ರಂದಾ ಹೊಡಿಯೂ ಕೈ, ಉಳಿ ಹಿಡಿಯೂ ಕೈ, ಎಲ್ಲಾ ನನ್ನವು. ಕಡೀಕ ಮತ್ತ ಅವನ ಮಾರಿ. "ಮರೀಬ್ಯಾಡ್ರಿ ಸ್ನೇಹಿತರೇ, ಕಟಗೀನ ಕೇಳಿ ಕೊಯ್ಯಬೇಕು, ಗರಗಸಾನ ಕೇಳಿ ಅಲ್ಲ" ಅಂದು ಕೈ ಮುಗದ.

ಹೆಂಡ್ತೀನ ಕರದು ಮೊಬೈಲ್ ಅಕಿ ಮುಂದ ಹಿಡದೆ. "ಈ ಕೈ ಯಾರವು, ಹೇಳು ನೋಡೂಣು."

ಅಕಿ ಕಣ್ಣು ಸಣ್ಣ ಮಾಡಿ ಬಾಳೊತ್ತು ನೋಡಿದ್ಲು. "ನನ್ನ ತಂಗಿ ಗಂಡನವ ಇರಬೇಕು. ಎಷ್ಟು ಸ್ವಚ್ಛ ಅದಾವ" ಅಂದ್ಲು.

ನಮ್ಮ ಲಗ್ನಾಗಿ ಇಪ್ಪತ್ತೆರಡು ವರ್ಷಾತ್ರಿ.

೨. ಅಂಕಲಗಿ ಹಿರಿಯಾರು

ಮನ್ಯಾಗ ಹಿಂಗಾತಂದ್ರ ಕಚೇರಿಯೊಳಗರೆ ಸಮಾಧಾನ ಸಿಗತೈತೇನು? ಹೊಲದ ಉತಾರ, ಅಂದ್ರ ಪಹಣಿ ಕಾಗದಾ, ಬೇಕಂತ ಅಂಕಲಗಿಯಿಂದ ಒಬ್ಬರು ಹಿರಿಯಾರು ಬರ್ತಿದ್ರು. ನಾ "ಇವತ್ತ ಮಷಿನ್ ನಡ್ಯಾಕತ್ತಿಲ್ರಿ ಕಾಕಾ, ನಾಳಿಗೆ ಬರ್ರಿ" ಅನ್ನಾಂವ. ಅವ್ರು ಬಾಕಿನ ಮ್ಯಾಲೆ ಕುಂತು ಮೊಬೈಲ್ ನೋಡಾವ್ರು. ಒಂದಿನಾ ಕೌಂಟರಿನ ಕಿಂಡಿಯೊಳಗ ಮೊಬೈಲ್ ತೂರಿಸಿ, "ಸಾಹೇಬ್ರ, ನೋಡ್ರಿ ಇಲ್ಲೆ. ಹುಕ್ಕೇರಿ ಮಾಸ್ತರಂತ. ಕೈ ನೋಡ್ರಿ, ಹೆಂಗ ನಡೀತಾವ. ಕೆಲಸಾ ಅಂದ್ರ ಹಿಂಗಿರಬೇಕು" ಅಂದ್ರು.

ತಡಕೊಳ್ಳಾಕ ಆಗಲಿಲ್ಲ. "ಕಾಕಾ, ಖರೆ ಹೇಳ್ತೇನಿ, ಅವು ನನ್ನ ಕೈ" ಅಂದೆ.

ಹಿರಿಯಾರು ಒಮ್ಮೆ ಮೊಬೈಲ್ ನೋಡಿದ್ರು, ಒಮ್ಮೆ ಮೇಜಿನ ಮ್ಯಾಲಿದ್ದ ನನ್ನ ಕೈ ನೋಡಿದ್ರು. ಆಮ್ಯಾಲೆ ಬಾಳ ಶಾಂತ ದನಿಯೊಳಗ ಕೇಳಿದ್ರು: "ಈ ಕೈ ನಿಮ್ಮವ ಆಗಿದ್ರ, ನನ್ನ ಉತಾರ ಮೂರು ವಾರ ಯಾಕ ತಡೀತಿತ್ರಿ?"

ಅವತ್ತ ಮಧ್ಯಾಹ್ನದೊಳಗ ಅವ್ರ ಉತಾರ ತಗದು ಕೊಟ್ಟೆ. ಆದ್ರೂ ನಂಬಲಿಲ್ಲ ಅವ್ರು.

೩. ನನ್ನ ಚಾನಲ್

ಅಂವ ಮಾಡಬಹುದಂತ, ನಾ ಯಾಕ ಮಾಡಬಾರದು? ನಾನೂ ಒಂದು ಚಾನಲ್ ತಗದೆ. ಒಂದು ಐತವಾರ ಎಣ್ಣಿ ಡಬ್ಬಿ ಮ್ಯಾಲೆ ಇಟ್ಟಂಗಿ ಇಟ್ಟು, ಇಟ್ಟಂಗಿಗೆ ಮೊಬೈಲ್ ಆನಿಸಿ, ಕಿವಿಮ್ಯಾಲೆ ಪೆನ್ಸಿಲ್ ಸಿಗಿಸಿಕೊಂಡು ಕುಂತೆ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡಿದ್ದೆ. ಹದಿನೈದು ವರ್ಷದಾಗ ಆ ಶೆಡ್ಡಿನ್ಯಾಗ ಇಸ್ತ್ರಿ ಅಂಗಿ ಹೊಕ್ಕದ್ದು ಅದ ಮೊದಲ. ಅಡ್ಡಣಗಿ ಮಾಡೂದು ಹೆಂಗ ಅಂತ ಮೂರ ಕಾಲು ಕೂಡಿಸಿ, ತಿಕ್ಕಿ, ಪಾಲಿಶ್ ಹೊಡದು, ಒಂದ ತಪ್ಪಿಲ್ಲದಂಗ ತೋರಿಸಿದೆ. ಮಾತು ಮಾತ್ರ ಜಾಸ್ತಿ ಆಡಲಿಲ್ಲ. ಕೆಲಸಗಾರ ಮಾತಾಡಬಾರದು, ಕೆಲಸ ಮಾತಾಡಬೇಕು ಅಂತ ನನ್ನ ವಿಚಾರ.

ನಾ ಸುಮ್ಮಿದ್ದೆ ಖರೆ, ಶೆಡ್ಡಿಗೆ ಹತ್ತಿದ ಅಡಗಿಮನಿ ಸುಮ್ಮಿರಲಿಲ್ಲ. ನನ್ನ ಹೆಂಡ್ತಿ ಕಿಡಕಿಯೊಳಗಿಂದ ಬಾಜೂ ಮನಿ ಅಕ್ಕಾಗ ಎಣ್ಣಿಗಾಯಿ ಬದನಿಕಾಯಿ ಪಲ್ಯಾ ಮಾಡೂದು ಹೇಳಾಕತ್ತಿದ್ಲು, ಒಗ್ಗರಣಿಯಿಂದ ಹಿಡದು ಕಡೀತನಕಾ.

ವಿಡಿಯೋ ಹಾಕಿದೆ. ತಾಸಿಗೊಮ್ಮೆ ತಗದು ನೋಡಿದೆ. ಮರುದಿನಾ ಕೆಳಗ ಮಂದಿ ಬರದಿದ್ರು. ಓದಿದೆ.

"ಅಕ್ಕಾರ, ಶೇಂಗಾ ಪುಡಿ ಎಷ್ಟು ಚಮಚಾ ಹಾಕಿದ್ರಿ?"

"ಗುರೆಳ್ಳ ಪುಡಿ ಹಾಕಿದ್ರ ನಡೀತೈತೇನ್ರಿ?"

"ಮುಂದಿನ ಸಲ ಆ ಕುಟ್ಟೂ ಸಪ್ಪಳ ಒಂದೀಟು ಕಡಿಮಿ ಮಾಡ್ರಿ, ಅಕ್ಕಾರ ಮಾತು ಕೇಳಸೂದಿಲ್ಲ."

ಷಡ್ಡಕನೂ ಬರದಿದ್ದ: "ಅಣ್ಣಾರ, ಬಾಳ ಚಲೋ ಆಗೈತಿ, ಬಾಯಾಗ ನೀರು ಬಂತು."

ಎಲ್ಲಾರಿಗೂ ನನ್ನ ಹೆಂಡ್ತಿನ ಉತ್ತರಾ ಬರದ್ಲು. ಚಾನಲ್ಲಿನ ಹೆಸರು ನಂದ ಐತಿ, ಮಂದಿ ಹುಡುಕೂದು ಮಾತ್ರ ಅಕೀನ.

೪. ಅಜ್ಜಾರ ರಂದಾ

ಆಮ್ಯಾಲೆ ಅವನ ಹೊಸಾ ಶೆಡ್ಡು ನೋಡಬೇಕಂತ ಹುಕ್ಕೇರಿ ಬಸ್ ಹತ್ತಿದೆ. ಹೆಂಡ್ತಿ ಮುಂದ "ನಿನ್ನ ತಂಗೀನ ಮಾತಾಡ್ಸಿ ಬರ್ತೇನಿ" ಅಂದೆ. ಹೊಂಟಿದ್ದು ಹುಳುಕು ಹುಡುಕಾಕ.

ಹುಳುಕು ಸಿಗಲಿಲ್ರಿ. ಗ್ವಾಡಿಗೆ ಹಲಗಿ ಬಡದು, ಒಂದೊಂದು ಸಾಮಾನಿಗೂ ಒಂದೊಂದು ಜಾಗಾ ಮಾಡಿ, ಸುತ್ತ ಗೆರಿ ಕೊರದಿದ್ದ. ಉಳಿ ಜಾಗಾದಾಗ ಉಳಿ, ಗರಗಸದ ಜಾಗಾದಾಗ ಗರಗಸ. ನನ್ನ ಶೆಡ್ಡಿನ್ಯಾಗ ಉಳಿ ಬೇಕಂದ್ರ ಮೊದಲ ಕಟಗಿ ಹೊಟ್ಟು ಜಾಡಿಸಬೇಕು. ಆ ಹಲಗಿ ನೋಡಿ ನಾದಿನಿ ಕೊಟ್ಟ ಚುರಮರಿ ಚೂಡಾ ಹಂಗ ಬಾಜೂಕಿಟ್ಟೆ.

ಅಷ್ಟರಾಗ ಹಲಗಿ ನಟ್ಟನಡಕ ಕಣ್ಣು ಹೋತು. ಒಂದು ರಂದಾ. ಹಿಡಕೀಗೆ ಕೆಂಪು ಬಣ್ಣ, ಎಡಕ್ಕ ಒಂದು ಸೀಳು. ಮೂರು ತಿಂಗಳಿಂದ ನಾ ಮನಿ ತುಂಬಾ ಹುಡುಕಿ, ಹೆಂಡ್ತೀನ ಬೈದು, ಬೆಕ್ಕನ್ನೂ ಬೈದಿದ್ನಲ್ಲಾ, ಅದ ರಂದಾ.

"ಮಾಸ್ತರ, ಇದು ನನ್ನದು" ಅಂದೆ.

"ಹೌದ್ರಿ ಅಣ್ಣಾರ" ಅಂದ ಅಂವ. ಮಾರಿಮ್ಯಾಲೆ ಒಂದ ಚೂರು ನಾಚಿಕಿ ಇಲ್ಲ. "ಅವತ್ತ ಹೊಂಟಾಗ ಚೀಲದಾಗ ಬಂದುಬಿಟ್ಟೈತಿ. ಇದು ಕಂಡ್ರ ಮಂದಿ ಬಾಳ ಖುಷಿ ಪಡ್ತಾರ. ನೋಡ್ರಿಲ್ಲೆ."

ಮೊಬೈಲ್ ಹಚ್ಚಿದ. ಅದರಾಗ ಅಂವ ನನ್ನ ರಂದಾನ ಎರಡೂ ಕೈಲೇ ಎತ್ತಿ ಹಿಡದು ಹೇಳಾಕತ್ತಿದ್ದ: "ಸ್ನೇಹಿತರೇ, ಇದು ನಮ್ಮ ಅಜ್ಜಾರ ಕಾಲದ ರಂದಾ. ಅವರು ಹೋದ್ರೂ ಅವರ ಆಶೀರ್ವಾದ ಇದರಾಗ ಐತಿ."

ನಾ ಅವನಕಿಂತ ಮೂರ ವರ್ಷ ದೊಡ್ಡಾಂವ. ಅಷ್ಟರಾಗ ಅಜ್ಜನೂ ಆದೆ, ಸತ್ತೂ ಹೋದೆ.

೫. ಮೂಡಲಗಿ ತೊಟ್ಟಿಲಾ

ನನ್ನ ಹೆಂಡ್ತಿ ಕಡೀ ತಂಗಿ ಹೆರಿಗಿಗೆ ತವರಿಗೆ, ಮೂಡಲಗಿಗೆ ಬಂದಿದ್ಲು. ಗಂಡು ಕೂಸು ಹುಟ್ಟಿತು. ಹೆಸರಿಡೂದಕ್ಕ ತವರಿನವರ ತೊಟ್ಟಿಲಾ ಕೊಡಬೇಕು. ನಾ ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದವರ ಪೈಕಿ. ಎರಡು ವರ್ಷದಿಂದ ಒಂದು ಸಾಗವಾನಿ ಹಲಗಿ ಅಟ್ಟದ ಮ್ಯಾಲೆ ಇಟ್ಟು, "ಇದರಾಗ ತೊಟ್ಟಿಲಾ ಮಾಡ್ತೇನಿ, ಮಾವನ ಮನಿ ಮಂದಿ ಹೌದ್ಹೌದು ಅನಬೇಕು" ಅಂತ ಕಾಯಾಕತ್ತಿದ್ದೆ.

ಹೆಂಡ್ತಿ ಬಂದು ಹೇಳಿದ್ಲು: "ಅವ್ವ ಹುಕ್ಕೇರಿಯವರಿಗೆ ತೊಟ್ಟಿಲಾ ಮಾಡ್ರೆಂತ ಹೇಳಿ ಕಳಸ್ಯಾಳಂತ. ಮೊಬೈಲದಾಗ ಅವರ ಕೆಲಸ ನೋಡ್ಯಾಳಂತ."

ನಾ ಸೀದಾ ಅಟ್ಟಾ ಹತ್ತಿ ನೋಡಿದ್ರ ಹಲಗಿನೂ ಇಲ್ಲ.

"ಸುಮ್ಮ ಬಿದ್ದಿತ್ತಲ್ರಿ" ಅಂದ್ಲು ಹೆಂಡ್ತಿ. "ಅವ್ರು ಕೇಳಿದ್ರು, ಕೊಟ್ಟೆ."

ಹೆಸರಿಡೂ ದಿನಾ ಮೂಡಲಗಿಗೆ ಹೋದ್ವಿ. ಪಡಸಾಲ್ಯಾಗ ತೊಲಿಗೆ ಸರಪಳಿ ಹಾಕಿ ತೊಟ್ಟಿಲಾ ತೂಗ ಬಿಟ್ಟಿದ್ರು. ಚಂದ ಇತ್ತು. ಬಾಳ ಚಂದ ಇತ್ತು, ಅದ ನಂಗ ಸಂಕಟಾ. ಬಾಜೂಕ ಮೂರ ಕಾಲಿನ ಸ್ಟ್ಯಾಂಡಿನ ಮ್ಯಾಲೆ ಷಡ್ಡಕನ ಮೊಬೈಲ್ ಮುಂಜಾನಿಂದ ವಿಡಿಯೋ ತಗ್ಯಾಕತ್ತಿತ್ತು.

ನಮ್ಮ ಕಡೆ ಕೂಸಿಗಿಂತ ಮೊದಲ ತೊಟ್ಟಿಲದಾಗ ಗುಂಡಕಲ್ಲು ಮಲಗಸ್ತಾರ. ಅಡಗಿಮನಿ ರುಬ್ಬೂ ಗುಂಡಕ್ಕ ಕುಂಚಗಿ ಹಾಕಿ, ಕೂಸಿನಂಗ ಸಿಂಗಾರ ಮಾಡಿ, ತೂಗಿ, ಆಮ್ಯಾಲೆ ಕೂಸು. ನಾ ಅಡಗಿಮನಿಗೆ ಹೋಗಿ, ಇದ್ದುದರಾಗ ದೊಡ್ಡ ಗುಂಡಕಲ್ಲು ಆರಿಸಿ ತಂದು ಕೊಟ್ಟೆ. ನನ್ನ ಹೆಂಡ್ತಿ ನನ್ನ ಮಾರಿ ನೋಡಿ, "ನಿಮ್ಮ ಬುದ್ಧಿ ನಂಗ ಗೊತ್ತೈತಿ" ಅಂದ್ಲು.

ಗುಂಡಕಲ್ಲು ಮಲಗಿಸಿದ್ರು. ತೂಗಿದ್ರು. ತೊಟ್ಟಿಲಾ ಕಿರ್ ಅನಲಿಲ್ಲ.

ಅಲ್ಲಿಗೆ ಸುಮ್ಮನಾಗಿದ್ರ ನಾ ಶ್ಯಾಣ್ಯಾ ಆಗ್ತಿದ್ದೆ. "ಕಲ್ಲು ಅಲುಗಾಡೂದಿಲ್ಲ. ಕೂಸು ಒದೀತೈತಿ, ಹೊಳ್ಳತೈತಿ. ಕಲ್ಲಿನ ಪರೀಕ್ಷೆ ಪರೀಕ್ಷೇನ ಅಲ್ಲ" ಅಂದೆ.

ನಮ್ಮ ಅತ್ತಿ ಹಳೇ ಕಾಲದಾಕಿ. ಅಳಿಯಂದಿರ ಜೋಡಿ ನೇರ ಮಾತಾಡೂದಿಲ್ಲ, ಬಾಗಲಾ ಮರಿಗೆ ನಿಂತು ಮಗಳಿಗೆ ಹೇಳ್ತಾಳ. "ಅಷ್ಟು ಸಂಶೇ ಇದ್ರ ಅವರ ಕುಂತು ನೋಡ್ಲೆಂತ ಹೇಳವಾ" ಅಂದ್ಲು.

ಮಂದಿ ನಕ್ಕರು. ನಂಗ ಸಿಟ್ಟು ಬಂತು. ಕಲ್ಲು ತಗದು ಕೆಳಗಿಟ್ಟು ಕುಂತೇಬಿಟ್ಟೆ. ಮೊಣಕಾಲು ಎದಿಗೆ ಬಂದ್ವು. ಯಾವುದರೆ ಒಂದು ಜೋಡು ಈಗ ಸಡಲತೈತಿ ಅಂತ ಕಿವಿ ಕೊಟ್ಟು ಕುಂತೆ. ಸಡಲಲಿಲ್ಲ. ಏಳಬೇಕಂದ್ರ ಏಳಾಕ ಬರಲಿಲ್ಲ. ಸೊಂಟಾ ಎರಡೂ ಕಡೆ ಪಟ್ಟಿ ನಡಕ ಕಚ್ಚಿಕೊಂಡಿತ್ತು. ಕೈ ಊರಿ ಏಳಾಕ ಹೋದ್ರ ತೊಟ್ಟಿಲಾ ತೂಗತಿತ್ತು. ಹೆಣ್ಮಕ್ಕಳು ಜೋಗುಳಾ ಚಾಲೂ ಮಾಡಿದ್ರು.

"ಮಾಸ್ತರ, ಈ ಪಟ್ಟಿ ಬಿಚ್ರಿ" ಅಂದೆ.

"ಹೆಂಗ ಬಿಚ್ಚೂದ್ರಿ ಅಣ್ಣಾರ? ಮೊಳಿ ಇಲ್ಲದ ಜೋಡು. ಜೀವಮಾನ ಬಿಚ್ಚೂದಿಲ್ಲ ಅಂತ ನೀವ ಹೇಳಿದ್ರೆಲ್ಲಾ."

ಹಂಗಂದವನ ಮೊಬೈಲ್ ಸ್ಟ್ಯಾಂಡನ್ನ ನನ್ನ ಕಡೆ ತಿರುವಿದ. ಅದರ ಮುಂದ ನಿಂತು ಕೈ ಮುಗದ. "ಸ್ನೇಹಿತರೇ, ಎಂಬತ್ತೆರಡು ಕಿಲೋ ಕುಂತ್ರೂ ತೊಟ್ಟಿಲದ ಒಂದ ಜೋಡೂ ಸಡಲಿಲ್ಲ. ಈ ಜೋಡು ನಂಗ ಕಲಿಸಿದವ್ರು, ಈ ಸಾಗವಾನಿ ಕೊಟ್ಟವ್ರು, ನನ್ನ ಗುರುಗಳು, ಗೋಕಾಕದ ನಮ್ಮ ಅಣ್ಣಾರು" ಅಂದು ನನ್ನ ಪೂರ್ತಿ ಹೆಸರು, ನಮ್ಮ ಅಪ್ಪನ ಹೆಸರು, ಮನಿತನದ ಹೆಸರು ಎಲ್ಲಾ ಹೇಳಿದ. "ಇವ್ರ ನೋಡ್ರಿ. ತೊಟ್ಟಿಲದಾಗ ಕುಂತವ್ರು."

ವರ್ಷದಿಂದ ನಾ ಕಾದ ಮಾತು. ಕಣ್ಣಾಗ ನೀರು ಬಂತು. ಕೈ ಮುಗೀಬೇಕಂದ್ರ, ಪಟ್ಟಿ ಹಿಡದ ಕೈ ಬಿಟ್ರ ಹಿಂದಕ್ಕ ಬೀಳ್ತಿದ್ದೆ.

ಶೇಂಗಾ ಎಣ್ಣಿ ತಂದ್ರು. ನನ್ನ ಸೊಂಟಕ್ಕ ಹಚ್ಚಿ, ನಾಕ ಮಂದಿ ಗಂಡಸರು ತೊಟ್ಟಿಲಾ ಒಂದು ಬಾಜೂಕ ವಾರಿ ಮಾಡಿ ಜಗ್ಗಿದ್ರು. ಇಪ್ಪತ್ತೆರಡು ವರ್ಷದಾಗ ಮೊದಲ ಸಲ ನಮ್ಮ ಅತ್ತಿ ಬಾಗಲಾ ದಾಟಿ ಬಂದು ನೇರ ನನ್ನ ಜೋಡಿ ಮಾತಾಡಿದ್ಲು: "ಲಗೂ ಇಳೀರಿ ಅಳಿಯಾರ, ಕೂಸಿಗೆ ನಿದ್ದಿ ಬಂದೈತಿ."

ಆ ವಿಡಿಯೋ ನೋಡಿದಷ್ಟು ಮಂದಿ ಅವನ ಬ್ಯಾರೆ ಯಾವ ವಿಡಿಯೋನೂ ನೋಡಿಲ್ಲ. ಕಚೇರಿಗೆ ಅಂಕಲಗಿ ಹಿರಿಯಾರೂ ಬಂದು "ಹೌದ್ರಿ ಸಾಹೇಬ್ರ, ಈಗ ನಂಬಿದೆ" ಅಂದ್ರು. ಹೊಟ್ಟಿಕಿಚ್ಚು ಹೋತೇನು ಅಂತ ಕೇಳಿದ್ರ, ಇಲ್ರಿ. ಅಂಥಾ ವಿಡಿಯೋ ನನ್ನ ಚಾನಲ್ಲದಾಗ ಇರಬೇಕಾಗಿತ್ತು.

ಒಂದ ಸಮಾಧಾನ. ಅವತ್ತ ಆ ತೊಟ್ಟಿಲದಾಗ ಹಾಕಿ, ಜೋಗುಳಾ ಹಾಡಿ, ಎಣ್ಣಿ ಹಚ್ಚಿ, ಮಂದಿ ಮುಂದ ಮೊದಲ ಹೆಸರು ಕರದದ್ದು ನಂದು. ಕೂಸಿಂದು ಆಮ್ಯಾಲೆ.