ಜಯಂತನ ಗೋಗ್ರಾಸ

ಅಂದು ಬೆಳಿಗ್ಗೆ ರೇವಮ್ಮನ ಹಸು ಬರಲಿಲ್ಲ. ಎಲ್ಲ ರಗಳೆಗೂ ಅದೇ ಮೂಲ.

ಹಾಸನದ ಆ ಬಡಾವಣೆಯಲ್ಲಿ ಉಳಿದಿದ್ದುದೇ ಅದೊಂದು ಹಸು. ದಿನಾ ಬೆಳಿಗ್ಗೆ ಜಯಂತನ ಮನೆಯ ಗೇಟಿಗೆ ಬಂದು ಮೂತಿ ಉಜ್ಜುತ್ತಿತ್ತು. ಅವನ ತಾಯಿ ಅಂಬುಜಮ್ಮ ಅದಕ್ಕೆ ಗೋಗ್ರಾಸ ಕೊಟ್ಟ ಮೇಲೆಯೇ ಊಟದ ಮಾತೆತ್ತುತ್ತಿದ್ದರು. ಹಸು ತಿನ್ನದೆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಬೇರೆ ದಿನವಾಗಿದ್ದರೆ ಕಾಯಬಹುದಿತ್ತು. ಆದರೆ ಇಂದು ದ್ವಾದಶಿ. ನಿನ್ನೆಯ ಏಕಾದಶಿ ಪೂರ್ತಿ ಅಂಬುಜಮ್ಮ ಹನಿ ನೀರು ಮುಟ್ಟಿರಲಿಲ್ಲ. ಒಂಬತ್ತರೊಳಗೆ ಪಾರಣೆಯ ಊಟ ಆಗದಿದ್ದರೆ ಇಂದೂ ಉಪವಾಸವೇ ಎಂದು ಅವರ ಹಟ. ಮೊದಲೇ ಸಕ್ಕರೆ ಕಾಯಿಲೆಯ ಜೀವ. ಹೋದ ತಿಂಗಳು ಹೀಗೇ ಹಟ ಹಿಡಿದು ದೇವರ ಮನೆಯ ಹೊಸ್ತಿಲಲ್ಲೇ ಕುಸಿದಿದ್ದರು.

ಜಯಂತ ರೇವಮ್ಮನ ಮನೆಗೆ ಓಡಿದ.

“ಲಕ್ಷ್ಮೀನ ನಮ್ಮೂರು ಕಟ್ಟಾಯಕ್ಕೆ ಕಳ್ಸಿವ್ನಿ ಕಣಪ್ಪ,” ಎಂದರು ರೇವಮ್ಮ. “ಇವತ್ತೋ ನಾಳೆಯೋ ಕರ ಹಾಕ್ತದೆ. ಬಾಣಂತನ ನಮ್ಮಣ್ಣನ ಮನೇಲೇ ಆಗ್ಲಿ ಅಂತ.”

ಅವನು ಮನೆಗೆ ಮರಳಿ ವಿಷಯ ಹೇಳುತ್ತಿದ್ದಂತೆ ಪಕ್ಕದ ಮನೆಯ ಕಾಂಪೌಂಡಿನಾಚೆಯಿಂದ ಸಂಪತ್ಕುಮಾರರ ತಲೆ ಮೇಲೆದ್ದಿತು. ನಿವೃತ್ತ ಸಂಸ್ಕೃತ ಮೇಷ್ಟರು. ನಲ್ಲಿ ನೀರು ಬರಲಿಲ್ಲವೆಂದರೂ ಅದಕ್ಕೊಂದು ಉಪನ್ಯಾಸ ಮಾಡುವವರು.

“ಇಷ್ಟಕ್ಕೆ ಯಾಕಯ್ಯ ಗಾಬರಿ? ಆನೆಯಲ್ಲೂ ಇರುವೆಯಲ್ಲೂ ಇರೋದು ಒಂದೇ ಆತ್ಮ. ಯಾವ ಜೀವಿಗೆ ಹಾಕಿದರೂ ಭಗವಂತನಿಗೇ ಮುಟ್ಟುತ್ತೆ.”

“ಹಾಗಾದ್ರೆ ನಾಳೆಯಿಂದ ನೀವು ಇರುವೆ ಹಾಲಿಗೇ ಹೆಪ್ಪು ಹಾಕ್ಕೊಳ್ಳಿ ಮೇಷ್ಟ್ರೇ,” ಎಂದು ಒಳಗಿನಿಂದ ಅಂಬುಜಮ್ಮನ ದನಿ ಬಂತು. “ನನಗೆ ಗೋವೇ ಆಗ್ಬೇಕು.”

ಜಯಂತ ಡಬ್ಬಿಯನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಟ. ಬಿಸಿ ಅನ್ನ, ತುಪ್ಪ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ಒಂದು ಅಚ್ಚು ಬೆಲ್ಲ. ಹಸಿವು ತಡೆಯುವ ಆಸಾಮಿಯಲ್ಲ ಅವನು. ನಿನ್ನೆ ತಾಯಿಯ ಕಣ್ಣೆದುರಿಗೆ ಬಾಳೆಹಣ್ಣಿನಲ್ಲೇ ದಿನ ದೂಡಿದ್ದ. ಈಗ ಪ್ರತಿ ಹಂಪ್ ಹಾರಿದಾಗಲೂ ಡಬ್ಬಿಯಿಂದ ತುಪ್ಪದ ಘಮ ಎದ್ದು ಮೂಗಿಗೆ ಬಡಿಯುತ್ತಿತ್ತು.

ಮಾರುಕಟ್ಟೆಯ ಬಳಿ ಒಂದು ಬಿಡಾಡಿ ಹಸು ಸಿಕ್ಕಿತು. ಜಯಂತ ಭಕ್ತಿಯಿಂದ ಅನ್ನ ನೀಡಿದ. ಅದು ಮೂಸಿತು, ಮುಖ ತಿರುಗಿಸಿತು, ಹಿಂದೆಯೇ ಇದ್ದ ತರಕಾರಿ ಮಾರುವ ಮಲ್ಲಿಗಮ್ಮನ ಬುಟ್ಟಿಯಿಂದ ಒಂದಿಡೀ ಎಲೆಕೋಸು ಕಚ್ಚಿಕೊಂಡಿತು.

“ಯಾರ್ ಸಾ ಅದು, ನಿಮ್ಮ ದನ ಇಡ್ಕಳಿ!” ಮಲ್ಲಿಗಮ್ಮ ಕಿರುಚಿದಳು.

“ನನ್ನದಲ್ಲಮ್ಮ!”

“ನಿಮ್ದಲ್ದೆ ಓದ್ರೆ ಡಬ್ಬೀಲಿ ಊಟ ಕಟ್ಕಂಡು ಬತ್ತಿದ್ರಾ?”

ಸುತ್ತ ಸೇರಿದವರಿಗೆಲ್ಲ ಈ ವಾದ ಒಪ್ಪಿಗೆಯಾಯಿತು. ಯಾರೋ ಹಗ್ಗವನ್ನೂ ತಂದು ಅವನ ಕೈಗೆ ಕೊಟ್ಟರು. ಹಸು ಕೋಸು ಮುಗಿಸಿ ಟೊಮೇಟೊ ಕಡೆ ಹೆಜ್ಜೆ ಹಾಕಿತು. ಗದ್ದಲದಲ್ಲಿ ಜಯಂತ ಹಗ್ಗ ಬಿಸಾಕಿ, ಡಬ್ಬಿ ಅವುಚಿಕೊಂಡು ಸ್ಕೂಟರ್ ಹತ್ತಿ ಪರಾರಿಯಾದ.

ಉಳಿದದ್ದು ಲಕ್ಷ್ಮಿಯೊಬ್ಬಳೇ. ಕಟ್ಟಾಯದಲ್ಲಿ ರೇವಮ್ಮನ ಅಣ್ಣ ಕೃಷ್ಣಪ್ಪನ ಕೊಟ್ಟಿಗೆ ಹುಡುಕಿದ. ಲಕ್ಷ್ಮಿ ಗುರುತು ಹಿಡಿದು “ಅಂಬಾ” ಎಂದಳು. ಜಯಂತನಿಗೆ ಅಳುವೇ ಬರುವಷ್ಟು ಸಂತೋಷವಾಯಿತು. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದನೋ ಇಲ್ಲವೋ, ಕೃಷ್ಣಪ್ಪ ಅಡ್ಡ ನಿಂತ.

“ಬ್ಯಾಡಿ ಸಾ! ಅನ್ನ ತೋರಿಸ್ಲೂ ಬ್ಯಾಡಿ ಅಂದವ್ರೆ ಡಾಕ್ಟ್ರು. ಈಗ ಒಟ್ಟೆ ಉಬ್ಬರ್ಸ್ಕಂಡ್ರೆ ತಾಯೂ ಓಯ್ತದೆ, ಕರನೂ ಓಯ್ತದೆ.”

“ಒಂದೇ ತುತ್ತು ಕೃಷ್ಣಪ್ಪ. ಅಲ್ಲಿ ನಮ್ಮಮ್ಮ ಹಸಿದು ಕೂತಿದ್ದಾರೆ.”

“ನಿಮ್ಮವ್ವಂದು ಮಾತ್ರ ಜೀವ, ನಮ್ ಲಕ್ಷ್ಮೀದೇನು ಬೂಸಾನಾ ಸಾ?”

ಜಯಂತನಿಗೆ ನಾಚಿಕೆಯಾಯಿತು. ಲಕ್ಷ್ಮಿಯ ತುಂಬಿದ ಹೊಟ್ಟೆ ನೋಡಿದ, ಅವಳ ಬೆನ್ನು ಸವರಿದ, ಡಬ್ಬಿಯೊಂದಿಗೆ ಹಿಂದಿರುಗಿದ.

ದಾರಿಯಲ್ಲಿ ಒಂದು ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದ. ತುಂಬಿದ ಡಬ್ಬಿಯೊಂದಿಗೆ ಹೋದರೆ ಅಮ್ಮ ಊಟ ಮಾಡುವುದಿಲ್ಲ. ಚೆಲ್ಲೋಣವೆಂದರೆ ಅನ್ನ, ಮಹಾಪಾಪ. ಒಂಬತ್ತಾಗಲು ಹೆಚ್ಚು ಹೊತ್ತಿರಲಿಲ್ಲ. ಆಗ ಮೇಷ್ಟರ ಮಾತು ನೆನಪಾಯಿತು. ಎಲ್ಲ ಜೀವಿಯಲ್ಲೂ ಒಂದೇ ಆತ್ಮ. ಅಂದಮೇಲೆ ತಾನೂ ಒಂದು ಜೀವಿಯೇ, ಅದೂ ಹಸಿದ ಜೀವಿ. ಶಾಸ್ತ್ರಕ್ಕೆ ಒಂದು ತುತ್ತು ಸಾಕು ಎಂದುಕೊಂಡು ಶುರು ಮಾಡಿದ. ಆದರೆ ಅಗಸೆ ಸೊಪ್ಪಿನ ಪಲ್ಯ ಅವನ ಕೈಯನ್ನು ಬಿಡಲಿಲ್ಲ. ಡಬ್ಬಿಯ ತಳ ಕಂಡಾಗ ಜಯಂತನೆಂಬ ಆ ಜೀವಿ ಜೋರಾಗಿ ತೇಗಿತು.

ಗೇಟಿನಲ್ಲೇ ಅಂಬುಜಮ್ಮ ಕಂಬ ಹಿಡಿದು ನಿಂತಿದ್ದರು. ತುಟಿ ಒಣಗಿತ್ತು.

“ತಿಂತೇನೋ?”

“ತಿಂತು ಅಮ್ಮ,” ಎಂದ. ವ್ಯಾಕರಣವನ್ನು ಬಿಟ್ಟರೆ ಬೇರೇನೂ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡ.

ಅವರು ಡಬ್ಬಿ ತೆರೆದು ನೋಡಿದರು. “ಒಂದಗುಳೂ ಬಿಟ್ಟಿಲ್ಲವಲ್ಲೋ!” ಎನ್ನುವಾಗ ಕಣ್ಣು ತುಂಬಿತು. ತೀರ್ಥ ತೆಗೆದುಕೊಂಡರು, ಇಬ್ಬರಿಗೂ ಎಲೆ ಹಾಕಿದರು. ನಿನ್ನೆಯಿಂದ ಹಸಿದ ಮಗನೆಂದು ಎರಡು ಸೌಟು ಅನ್ನ ಹೆಚ್ಚಿಗೇ ಬಡಿಸಿದರು. ಕತ್ತಿನವರೆಗೆ ತುಂಬಿಕೊಂಡಿದ್ದ ಜಯಂತ ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸಿದ. ಆದರೂ ತಾಯಿಯ ಮುಖಕ್ಕೆ ಕಳೆ ಬರುವುದನ್ನು ನೋಡುತ್ತ ಅವನ ಮನಸ್ಸು ಹಗುರಾಯಿತು.

“ನಿನಗೆ ಹೇಳಿರಲಿಲ್ಲ ಕಣೋ,” ಎಂದರು ಅಂಬುಜಮ್ಮ, ಮಜ್ಜಿಗೆ ಬಡಿಸುತ್ತಾ. “ಉಪವಾಸ ನಿಲ್ಲಿಸಿ ಅಂತ ಡಾಕ್ಟ್ರು ಅಂದಿದ್ರು. ವ್ರತ ಬಿಡೋಕೆ ಮನಸ್ಸಿರಲಿಲ್ಲ. ಅದಕ್ಕೇ ಡಬ್ಬಿ ಕಟ್ಟುವಾಗ ದೇವರ ಹತ್ರ ಕೇಳ್ಕೊಂಡೆ. ಇವತ್ತು ಗೋಮಾತೆ ಒಂದಗುಳೂ ಬಿಡದೆ ತಿಂದ್ರೆ, ಇನ್ಮೇಲೆ ನನ್ನ ಏಕಾದಶಿಗಳನ್ನೆಲ್ಲ ನನ್ನ ಮಗ ಮಾಡ್ತಾನೆ ಅಂತ. ದೇವರು ಒಪ್ಪಿಬಿಟ್ಟ ನೋಡು!”

ಜಯಂತ ನಿಜ ಹೇಳಲು ಬಾಯಿ ತೆರೆದ. ಹೇಳಿದರೆ ಮುಂದಿನ ಏಕಾದಶಿಗೆ ಅಮ್ಮ ಮತ್ತೆ ಹೊಸ್ತಿಲ ಮೇಲೆ ಕುಸಿಯುತ್ತಾರೆ. ತೆರೆದ ಬಾಯಿಗೆ ಇನ್ನೊಂದು ತುತ್ತು ಹಾಕಿಕೊಂಡ.

“ಏಕಾದಶಿ ದಿನ ನೀರು ಕುಡೀಬಹುದೇನಮ್ಮ?” ಎಂದ ಮೆಲ್ಲಗೆ.

“ನಾನು ಯಾವತ್ತಾದ್ರೂ ಕುಡಿದಿದ್ದು ನೋಡಿದ್ದೀಯಾ?” ಎಂದರು ಅಂಬುಜಮ್ಮ.