ಉತ್ತಮ ಪುರುಷ, ಏಕವಚನ

ಅರವತ್ತು ದಾಟಿದವನು ದಿನವಿಡೀ ಕಟ್ಟೆಯ ಮೇಲೆ ಕೂತು ಇಸ್ಪೀಟು ಆಡಿದರೆ ಯಾರೂ ಏನೂ ಕೇಳುವುದಿಲ್ಲ. ಅದೇ ಮನುಷ್ಯ ಹೊಸ ಭಾಷೆಯೊಂದನ್ನು ಕಲಿಯಲು ಕೂತರೆ ಮಾತ್ರ ಓಣಿಗೆಲ್ಲ ಅವನ ತಲೆಯ ಆರೋಗ್ಯದ ಚಿಂತೆ ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳಲಿ. ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ; ಬಿಡುವುದಿಲ್ಲ.

ಇದಕ್ಕೆ ಕಾರಣ ಲಿಂಗಸುಗೂರು. ಅಲ್ಲಿ ಒಬ್ಬ ಬಿಳಿಯ ಸಾಹೇಬ ಊರು ಬಿಡುವಾಗ ಮನೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದ. ಇಂಗ್ಲಿಷ್ ವ್ಯಾಕರಣವೆಂದು ನಾನು ಹಿಡಿದುಕೊಂಡ ಚರ್ಮದ ರಟ್ಟಿನ ಪುಸ್ತಕವನ್ನು ಮಸ್ಕಿಯ ಮನೆಗೆ ತಂದು ಬಿಡಿಸಿದರೆ, ವಿವರಣೆ ಮಾತ್ರ ಇಂಗ್ಲಿಷು, ಕಲಿಸುವುದು ಸ್ಪೇನ್ ದೇಶದ ಭಾಷೆ! ಬೇರೆಯವರಾಗಿದ್ದರೆ ಅದರ ಹಾಳೆಯಲ್ಲಿ ಕಡಲೆ ಕಟ್ಟಿಸುತ್ತಿದ್ದರು. ನಾನು ಸಿಂಧನೂರಿನಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಪಾಠ ಹೇಳಿದ್ದು ಉರ್ದುವಿನಲ್ಲಿ, ಅರ್ಜಿ ಬರೆದದ್ದು ಇಂಗ್ಲಿಷಿನಲ್ಲಿ, ಬಟ್ಟೆಯಂಗಡಿಯಲ್ಲಿ ಚೌಕಾಸಿ ಮಾಡಿದ್ದು ತೆಲುಗಿನಲ್ಲಿ, ಮನೆಯಲ್ಲಿ ಬೈಸಿಕೊಂಡದ್ದು ಕನ್ನಡದಲ್ಲಿ. ಐದನೆಯದಕ್ಕೆ ಹೆದರುತ್ತೇನೆಯೇ?

ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಲಿಂಗಪೂಜೆ, ಸರಿಯಾಗಿ ಆರಕ್ಕೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕ್ರಿಯಾಪದ. ಸ್ಪ್ಯಾನಿಷ್ ಕ್ರಿಯಾಪದಗಳಲ್ಲಿ ಹಟಮಾರಿಗಳೂ ಇವೆಯಂತೆ, ಅವು ಪುಸ್ತಕದ ಹಿಂಭಾಗದಲ್ಲಿವೆ. ಮುಂಭಾಗದವು ನನ್ನಂತೆ ಶಿಸ್ತಿನವು. ಆರ್, ಏರ್, ಈರ್ ಎಂದು ಮುಗಿಯುವ ಮೂರೇ ಗುಂಪು. ಆ ಬಾಲವನ್ನು ಕತ್ತರಿಸಿ ನಾನು, ನೀನು, ಅವನು, ನಾವು, ನೀವು, ಅವರು ಎಂಬುದಕ್ಕೆ ಒಂದೊಂದು ಬಾಲ ಅಂಟಿಸಿದರೆ ವರ್ತಮಾನ ಕಾಲ ಸಿದ್ಧ. ನಮ್ಮಲ್ಲಿ 'ಬರ್ತೀನಿ' ಎಂದ ಮೇಲೆ 'ನಾನು' ಎಂದು ಬೇರೆ ಹೇಳಬೇಕಿಲ್ಲ, ಅಲ್ಲಿಯೂ ಹಾಗೆಯೇ.

ಮೊದಲ ಪಾಠ 'ಆಮೊ, ಆಮಾಸ್, ಆಮಾ'. ಮೂರನೆಯ ದಿನ ಪಕ್ಕದ ಮನೆಯ ಬಸಮ್ಮಜ್ಜಿ ಲೋಟ ಹಿಡಿದು ಬಂದಳು. "ಯಪ್ಪಾ, ದಿನಾ ಮುಂಜಾನೆ ಅಮ್ಮಾ ಅಮ್ಮಾ ಅಂತ ಒದರಾಕತ್ತೀ. ಹೊಟ್ಟಿ ನೋವೇನು? ಕಷಾಯ ತಂದೀನಿ, ಕುಡಿ." ಕುಡಿದೆ. 'ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾಳೆ' ಎಂದು ಈ ವಯಸ್ಸಿನಲ್ಲಿ ಅಂಗಳದಲ್ಲಿ ನಿಂತು ಕೂಗುತ್ತಿದ್ದೇನೆಂದು ಅವಳಿಗೆ ಹೇಳುವುದಕ್ಕಿಂತ ಕಷಾಯವೇ ಸಿಹಿ.

ಕಿರಾಣಿ ಅಂಗಡಿಯ ಶರಣಪ್ಪನಿಗೆ ಕಷಾಯದಷ್ಟು ಕರುಣೆಯೂ ಇಲ್ಲ. "ಮಾಸ್ತರ್ರ, ಆ ದೇಶದವರೇನು ಮಸ್ಕಿ ಸಂತಿಗೆ ಬರ್ತಾರೇನ್ರಿ?" ಎಂದ.

"ಬಂದರ ನೀ ಬಾಯಿ ಮುಚ್ಕೊಂಡು ನಿಲ್ತೀ, ನಾ ಮಾತಾಡ್ತೀನಿ," ಎಂದೆ.

"ಈ ವಯಸ್ಸಿನಾಗ ಬಾಯಿಪಾಠ ಆಗೂದಿಲ್ರಿ, ಬಿಡ್ರಿ."

ಆಗುವುದಿಲ್ಲವೇ? ಮನೆಗೆ ಬಂದವನೇ ಹೆಂಡತಿ ನೀಲಮ್ಮನ ಎದುರು ಸಾರಿದೆ: ಈ ಮನೆಯಲ್ಲಿ ಮೂರು ಗುಂಪನ್ನೂ ತಪ್ಪಿಲ್ಲದೆ ಒಪ್ಪಿಸಿದವರಿಗೆ ಮಾತ್ರ ಮುಂಜಾನೆಯ ಚಹಾ. ಮಗ್ಗಿ ಬಾರದ ಮಕ್ಕಳನ್ನು ಊಟದ ಬಿಡುವಿನಲ್ಲೂ ನಿಲ್ಲಿಸುತ್ತಿದ್ದವನು ನಾನು. ನಿಯಮ ನನಗೂ ಒಂದೇ. ಆದರೆ ಎರಡನೆಯ ಗುಂಪಿಗೆ ಪುಸ್ತಕ ಕೊಟ್ಟ ಉದಾಹರಣೆ 'ಬೆಬೇರ್', ಅಂದರೆ ಕುಡಿಯುವುದು. ಚಹಾ ಇಲ್ಲದ ತಲೆನೋವಿನಲ್ಲಿ 'ಬೇಬೊ, ಕುಡಿಯುತ್ತೇನೆ' ಎಂದು ಹನ್ನೊಂದು ದಿನ ಕೂಗಿದವನ ಸಂಕಟ ಓದುಗರಿಗೆ ಬೇಡ.

ರೊಟ್ಟಿ ಬಡಿಯುತ್ತಲೇ ನೀಲಮ್ಮ ಒಂದು ದಿನ ಕೇಳಿದಳು. "ಓ ಅಂತ ಮುಗದ್ರ ಯಾರ್ರಿ ಅದು?"

"ಉತ್ತಮ ಪುರುಷ. ಅಂದ್ರ ನಾನು."

"ನಿಮಗ ನೀವ ಹೇಳ್ಕೊಂಡ್ರ ಆತೇನ್ರಿ? ಹೆಂಗಸು ಮಾತಾಡಿದ್ರ?"

"ಆಗಲೂ ಓ. ಅಲ್ಲಿ 'ಬಂದಾನ', 'ಬಂದಾಳ' ಅಂತ ಬ್ಯಾರೆ ಬ್ಯಾರೆ ಇಲ್ಲ. ಎಲ್ಲಾರಿಗೂ ಒಂದ."

"ಹಂಗಾರ ನಾನೂ ಉತ್ತಮ ಪುರುಷ," ಎಂದು ರೊಟ್ಟಿ ಮಗುಚಿದಳು.

ಹನ್ನೆರಡನೆಯ ದಿನ. ಹೊಸ್ತಿಲ ಮೇಲೆ ಹಬೆಯಾಡುವ ಚಹಾದ ಲೋಟ. ನನ್ನ ಮೇಲೆ ಅವಳಿಗೆ ಅಂದು ಅಷ್ಟು ನಂಬಿಕೆ. ಮೊದಲ ಎರಡು ಗುಂಪು ಗಡಿಯಾರದಂತೆ ಹೊರಬಂದವು. ಮೂರನೆಯದು, ಬದುಕುವುದು: "ವೀವೊ, ವೀವೆಸ್, ವೀವೆ, ವಿವೆಮೊಸ್..."

"ವಿವಿಮೊಸ್!" ಎಂದಿತು ಅಡುಗೆಮನೆ.

"ನಿನಗೇನು ಗೊತ್ತು? ನಡುವ ಬಾಯಿ ಹಾಕಬ್ಯಾಡ."

"ಪುಸ್ತಕ ತಗದು ನೋಡ್ರಿ."

ತೆಗೆದೆ. ವಿವಿಮೊಸ್. 'ನಾವು' ಎಂಬಲ್ಲಿಯೇ ನಾನು ಎಡವಿದ್ದೆ. ಎರಡನೆಯ ಗುಂಪಿನ ಬಾಲವನ್ನು ಮೂರನೆಯದಕ್ಕೆ ಅಂಟಿಸಿದ್ದೆ. "ಅಷ್ಟು ಗೊತ್ತಿದ್ರ ಪೂರಾ ಹೇಳು ನೋಡೋಣ," ಎಂದೆ, ಹಳೆಯ ಮಾಸ್ತರನ ದನಿಯಲ್ಲಿ.

ಅಕ್ಷರ ಬಾರದ ನೀಲಮ್ಮ ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದಳು. ರೊಟ್ಟಿ ಬಡಿಯುವ ಲಯದಲ್ಲಿ ಮೂರು ಗುಂಪು, ಹದಿನೆಂಟು ರೂಪ, ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. "ಇದನ್ನ ಯಾವಾಗ ಕಲ್ತಿ?" ಎಂದರೆ, "ನಾ ಎಲ್ಲಿ ಕಲ್ತೀನ್ರಿ? ನೀವು ಒದರಿ ಒದರಿ ನನ್ನ ಕಿವಿ ಕಲ್ತಾವು," ಎಂದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಲೋಟ ಎತ್ತಿಕೊಂಡಳು. "ತಪ್ಪಿಲ್ಲದ ಹೇಳಿದವರಿಗೆ ಚಹಾ ಅಂದಿದ್ರಿ, ಹೌದಲ್ರಿ?"

ನನ್ನನ್ನೇ ನೋಡುತ್ತ "ಬೇಬೊ" ಎಂದು ಒಂದು ಗುಟುಕು ಹೀರಿದಳು.

ಉತ್ತಮ ಪುರುಷ, ಏಕವಚನ, ವರ್ತಮಾನ ಕಾಲ. ತಪ್ಪು ಹುಡುಕಲು ಮೂವತ್ತು ವರ್ಷದ ಮಾಸ್ತರಿಕೆಯನ್ನೆಲ್ಲ ಬಳಸಿದೆ, ಸಿಗಲಿಲ್ಲ. ಒಣ ಬಾಯಿಯಲ್ಲೇ "ಸರಿ" ಎಂದೆ. ನಾಳೆ ಆರಕ್ಕೆ ಮತ್ತೆ ಅಂಗಳದಲ್ಲಿ ನಿಲ್ಲುತ್ತೇನೆ. ಪರೀಕ್ಷೆ ಮಾಡುವವಳು ಮಾತ್ರ ಬಲು ಕಟ್ಟುನಿಟ್ಟು.