ಹಡಗಿನಲ್ಲಿ ರೊಟ್ಟಿ ಬಡಿದದ್ದು

ಸಮುದ್ರವನ್ನು ಕಪ್ಪು ಹಲಗೆಯ ಮೇಲೆ ಕಲಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ನೀಲಿ ಸೀಮೆಸುಣ್ಣ ಇದ್ದರೆ ಸಾಕು. ಶಿಗ್ಗಾಂವಿಯ ಕಾಲೇಜಿನಲ್ಲಿ ಭೂಗೋಳ ಹೇಳುತ್ತ ನಾನು ವರ್ಷಗಟ್ಟಲೆ ಹಾಗೆಯೇ ಅಲೆ ಎಬ್ಬಿಸಿದವಳು. ವಿದ್ಯಾರ್ಥಿಗಳ ಜೊತೆ ಅಧ್ಯಯನದ ಹಡಗು ಹತ್ತುವ ಅವಕಾಶ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಹತ್ತಿದ ಮೇಲೆ ಗೊತ್ತಾಯಿತು, ನಿಜವಾದ ಅಲೆಗೆ ನನ್ನ ಪದವಿಗಳ ಮೇಲೆ ಯಾವ ಗೌರವವೂ ಇಲ್ಲ. ಮಂಚದ ಕಂಬಿಯನ್ನು ತಬ್ಬಿಕೊಂಡೇ ಪ್ರಯಾಣದ ಅರ್ಧ ಭಾಗ ಕಳೆದೆ.

ಜೊತೆಗಿದ್ದವರು ದುಂಡಸಿಯ ಗಿರಿಜಕ್ಕ, ನಮ್ಮ ಕಾಲೇಜಿನಲ್ಲೇ ಇತಿಹಾಸ ಕಲಿಸುವವರು. ಅವರಿಗೆ ಒಂದು ವಾಕರಿಕೆಯೂ ಬರಲಿಲ್ಲ. "ದುಂಡಸಿ ಬಸ್ಸಿನ್ಯಾಗ ನಿಂತ ಬರಾಕಿ ನಾ. ಇದೇನ್ ಅಲ್ಲಾಡ್ತೈತಿ ಬಿಡ, ಶೋಭಾ," ಎಂದು ನನಗೆ ನಿಂಬೆಹಣ್ಣು ಕೊಟ್ಟು ಹೋದರು.

ಕೊಲಂಬೊ ಬಂದರು ತಲುಪುವ ಹಿಂದಿನ ದಿನ ತಯಾರಿಯ ಸಭೆ ನಡೆಯಿತು. ಅಲ್ಲಿನ ಶಾಲೆಯ ಮಕ್ಕಳು ಹಡಗು ನೋಡಲು ಬರುತ್ತಾರೆ, ಹಡಗಿನಲ್ಲಿರುವ ಪ್ರತಿ ಕಾಲೇಜಿನ ತಂಡವೂ ತನ್ನ ಸೀಮೆಯದೇನಾದರೂ ತೋರಿಸಬೇಕು. ನನ್ನನ್ನು ಒಂದು ಮಾತು ಕೇಳದೆ ಗಿರಿಜಕ್ಕ ಕೈ ಎತ್ತಿದರು: ಜೋಳದ ರೊಟ್ಟಿ! ಹಿರೇಬೆಂಡಿಗೇರಿಯ ತಂಗಿಯ ಮನೆಯಿಂದ ಹಿಟ್ಟನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡೇ ಬಂದಿದ್ದರು. ರೊಟ್ಟಿ ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸುವ ಭಾಷಣ ನನ್ನ ಪಾಲಿಗೆ ಬಂತು.

ಸಂಜೆ ತಾಲೀಮಿಗೆಂದು ಹಡಗಿನ ಅಡುಗೆಮನೆಗೆ ಹೋದೆವು. ಗಿರಿಜಕ್ಕ ಪಟಪಟ ಬಡಿಯತೊಡಗಿದ ಸ್ವಲ್ಪ ಹೊತ್ತಿಗೆ ಎಂಜಿನ್ ಕೋಣೆಯ ಅಧಿಕಾರಿ ನಟ್ಟು ಬಿಗಿಯುವ ಪಾನಾ ಹಿಡಿದು ಓಡಿ ಬಂದರು. ಯಂತ್ರದಲ್ಲೇನೋ ಸಡಿಲಾಗಿದೆ ಎಂದುಕೊಂಡಿದ್ದರಂತೆ.

"ಎಂಜಿನ್ ಅಲ್ರೀ ಸಾಹೇಬ್ರ, ರೊಟ್ಟಿ. ಕುಂತ್ರಿ, ಬಿಸಿ ಐತಿ," ಎಂದರು ಗಿರಿಜಕ್ಕ. ಅಧಿಕಾರಿಗೆ ಕನ್ನಡ ಬಾರದು. ಆದರೂ ಕುಳಿತರು.

ಅಷ್ಟರಲ್ಲಿ ವಾಸನೆ ಕೆಳಗಿನ ಕೋಣೆಗಳಿಗೂ ಇಳಿದಿತ್ತು. ಹಡಗು ಹತ್ತಿದಾಗಿನಿಂದ ಅನ್ನದ ಮುಖ ನೋಡದ ಹುಡುಗ ಹುಡುಗಿಯರು ಗೋಡೆ ಹಿಡಿದುಕೊಂಡು ಬಂದರು. "ಮೇಡಮ್ಮಾರ, ನಮಗೂ ಒಂದ್ ಕೊಡ್ರಿ." ನಾನೂ ತಟ್ಟೆ ಹಿಡಿದೆ. ಎಲ್ಲರ ಮುಖದಲ್ಲಿ ಕಳೆ ಬಂದಾಗ ಚೀಲದಲ್ಲಿ ಹಿಟ್ಟಿರಲಿಲ್ಲ.

"ಗಿರಿಜಕ್ಕ, ನಾಳೆ ಏನ್ ತೋರ್ಸೋಣು?"

"ಹಸದ ಹುಡುಗ್ರಿಗೆ ನಾಳೆ ಬರ್ರಿ ಅನ್ನಾಕ ಆಗ್ತೈತೇನ? ನಿನ್ನ ಭಾಷಣ ಐತೆಲ್ಲ, ಅದನ್ನ ಉದ್ದ ಮಾಡು."

ಬೆಳಿಗ್ಗೆ ಮಕ್ಕಳು ಬಂದೇಬಿಟ್ಟರು. ನಾನು ಬರಿ ತಟ್ಟೆಯನ್ನು ತೋರಿಸಿ, ಬೆವರುತ್ತ, "ಇದಕ್ಕೆ ರೊಟ್ಟಿ ಎನ್ನುತ್ತಾರೆ," ಎಂದು ಶುರುಮಾಡಿದೆ. ಮುಂದಿನ ಸಾಲಿನ ಮಕ್ಕಳು ಒಟ್ಟಿಗೇ ಕೂಗಿದರು, "ರೊಟಿ! ರೊಟಿ!" ಅವರ ಮನೆಯಲ್ಲೂ ಅದಕ್ಕೆ ಅದೇ ಹೆಸರು! ಅವರ ಶಿಕ್ಷಕಿ ನಗುತ್ತ, ನಮಗೆಂದೇ ತಂದಿದ್ದ ಡಬ್ಬಿ ತೆರೆದರು. ಒಳಗೆ ತೆಂಗಿನಕಾಯಿ ತುರಿ ಹಾಕಿದ ದಪ್ಪ ರೊಟ್ಟಿ, ಪಕ್ಕದಲ್ಲಿ ಕೆಂಪು ಮೆಣಸಿನ ಚಟ್ನಿ. ಗಿರಿಜಕ್ಕ ಹಡಗಿನ ಭಂಡಾರದಿಂದ ಅಕ್ಕಿಹಿಟ್ಟು ತರಿಸಿ, ನಾದಿ, ಮಕ್ಕಳ ಕೈಗೆ ಒಂದೊಂದು ಉಂಡೆ ಕೊಟ್ಟರು. "ಬಡೀರಿ, ಬಡೀರಿ, ಅಂಜಬ್ಯಾಡ್ರಿ!" ಭಾಷೆ ಯಾರಿಗೂ ಬೇಕಾಗಲಿಲ್ಲ. ಹಡಗಿನ ಡೆಕ್ಕೆಲ್ಲ ಪಟಪಟ ಎಂದಿತು. ನನ್ನ ಭಾಷಣದ ಉಳಿದ ಭಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಯಿ ತುಂಬಿತ್ತು.

ಊರಿಗೆ ಮರಳಿದ ಮೇಲೆ, ಬಂದರಿನ ಬಗ್ಗೆ ಒಂದು ತಾಸು ಪಾಠ ತೆಗೆದುಕೊಳ್ಳಿ ಎಂದರು ಪ್ರಾಂಶುಪಾಲರು. ತೆಂಗಿನಕಾಯಿ ರೊಟ್ಟಿಯಿಂದ ಹೊರಟವಳು ಕೆಂಪು ಚಟ್ನಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಅಲ್ಲೆ ಸಮುದ್ರ ಎಷ್ಟ್ ಆಳ ಐತ್ರಿ?"

"ನಾ ಡಬ್ಬಿ ತಳಾ ಅಷ್ಟ ನೋಡೇನವಾ," ಎಂದೆ.